ನನ್ನದಲ್ಲದ ತಪ್ಪುಕಾಣಿಕೆ

ನಾನು ಕದ್ದಿಲ್ಲ. ಮೊದಲು ಇಷ್ಟು ಕೇಳಿ. ಉಳಿದದ್ದು ಆಮೇಲೆ.

ನನ್ನ ಹೆಸರು ಬಾಗಿ. ಕೋಟ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮೂಡು ದಿಕ್ಕಿಗೆ ಅರ್ಧ ಗಂಟೆ ನಡೆದರೆ ಸುಬ್ಬರಾಯ ಧಣಿಗಳ ಗೇರುಬೀಜದ ಕಾರ್ಖಾನೆ ಸಿಗುತ್ತದೆ. ಅಲ್ಲಿ ಹತ್ತೊಂಬತ್ತು ವರ್ಷ ದುಡಿದೆ. ಹನ್ನೆರಡು ವರ್ಷ ಬೀಜ ಒಡೆದೆ, ಏಳು ವರ್ಷ ಸಿಪ್ಪೆ ತೆಗೆದೆ. ನನ್ನ ಕೈ ಕಾಣಿ. ಈ ಕಪ್ಪು ಮಣ್ಣಲ್ಲ, ಮಸಿಯಲ್ಲ. ಬೀಜದ ಎಣ್ಣೆ. ಸೋಪಿಗೆ ಹೋಗುವುದಿಲ್ಲ, ಸೀಮೆಎಣ್ಣೆಗೂ ಹೋಗುವುದಿಲ್ಲ. ಚರ್ಮ ಸುಟ್ಟು ಸುಲಿದು ಹೊಸದಾಗಿ ಬಂದ ಚರ್ಮವೂ ಕಪ್ಪೇ. ಮಗಳು ಸಣ್ಣವಳಿದ್ದಾಗ ನಾನು ಅನ್ನ ಕಲಸಿದರೆ ಬಾಯಿ ಕಳೆಯುತ್ತಿರಲಿಲ್ಲ, ಹೆದರುತ್ತಿತ್ತು.

ದಿನಾ ಸಂಜೆ ಗೇಟಿನಲ್ಲಿ ನಮ್ಮ ತಪಾಸಣೆ. ತಪಾಸಣೆ ಮಾಡುವವಳು ಸುಗುಣ. ಸೆರಗು ಕೊಡವಬೇಕು. ತುರುಬು ಬಿಚ್ಚಬೇಕು. ಬುತ್ತಿ ಡಬ್ಬಿ ತೆರೆಯಬೇಕು. ಬಾಯಿ ಕಳೆದು ನಾಲಗೆ ಎತ್ತಬೇಕು. ಆಮೇಲೆ ಸುಗುಣನ ಕೈ ರವಕೆಯ ಒಳಗೆ ಹೋಗಿ ಬರುತ್ತದೆ, ಸೊಂಟಕ್ಕೆ ಹೋಗುತ್ತದೆ, ತೊಡೆಯ ನಡುವೆ ಹೋಗುತ್ತದೆ. ಅವಳು ಗೋಡೆ ನೋಡುತ್ತಾಳೆ, ನಾವು ಆಕಾಶ ನೋಡುತ್ತೇವೆ. ನನ್ನ ಗಂಡ ಮುಟ್ಟಿದ್ದಕ್ಕಿಂತ ಹೆಚ್ಚು ಸಲ ಸುಗುಣ ಮುಟ್ಟಿದ್ದಾಳೆ ನನ್ನನ್ನು. ನಗಬೇಡಿ ಮಾರ್ರೆ, ನಿಜ.

ಹತ್ತೊಂಬತ್ತು ವರ್ಷದಲ್ಲಿ ಒಂದು ಸಲ ಒಂದು ತುಂಡು ತಿಂದದ್ದು ಇದೆ. ವಿಜೇತಾ ಹೊಟ್ಟೆಯಲ್ಲಿದ್ದಳು. ಆಸೆಯಾಯಿತು. ಮುರಿದ ಬೀಜ, ಬೆರಳಿನ ತುದಿಯಷ್ಟು. ಗಂಟಲಿಗಿಳಿದ ಮೇಲೆ ನೆಮ್ಮದಿ ಹೋಯಿತು. ಅವತ್ತೇ ಸಂಜೆ ಹಾಯ್ಗುಳಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದೆ.

ಹಾಯ್ಗುಳಿ ಅಂದರೆ ಕಾರ್ಖಾನೆಯ ಜಾಗದ ದೈವ. ಗೇಟಿನ ಬಲಕ್ಕೆ ಗುಡಿ ಇದೆ, ಸುತ್ತ ಎದೆಯೆತ್ತರದ ಗೋಡೆ. ತಪ್ಪು ಮಾಡಿದವರು ದೈವದ ಎದುರು ಒಪ್ಪಿಕೊಂಡು ಒಂದು ರೂಪಾಯಿ ಹಾಕಿದರೆ ಅದು ತಪ್ಪುಕಾಣಿಕೆ. ಅಲ್ಲಿಗೆ ಆ ತಪ್ಪು ಮುಗಿಯಿತು ಎಂದು ನಮ್ಮ ಕಡೆಯ ನಂಬಿಕೆ. ನಾವು, ನಮ್ಮ ಕೇರಿಯವರು, ಗೋಡೆಯ ಒಳಗೆ ಹೋಗುವುದಿಲ್ಲ. ಬೋರ್ಡ್ ಹಾಕಿಲ್ಲ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲಿ ನಿಲ್ಲಬೇಕು ಅಂತ ನಮ್ಮ ಕಾಲಿಗೇ ಗೊತ್ತು. ನಮ್ಮ ಕಾಣಿಕೆಗೆ ಗೋಡೆಯಲ್ಲೊಂದು ಕಿಂಡಿ ಮಾಡಿಟ್ಟಿದ್ದಾರೆ. ಹೊರಗಿನಿಂದ ಹಾಕಿದರೆ ಒಳಗಿನ ಪೆಟ್ಟಿಗೆಗೆ ಬೀಳುತ್ತದೆ. ಉಡುಪಿಯಲ್ಲಿ ಒಂದು ಕಿಂಡಿಯ ಕಡೆಗೆ ದೇವರೇ ತಿರುಗಿ ನಿಂತನಂತೆ. ನಮ್ಮದು ಅಂಥ ಕಿಂಡಿಯಲ್ಲ. ಇದು ಚಿಲ್ಲರೆ ಹೋಗುವ ಕಿಂಡಿ.

ಆ ಒಂದು ತುಂಡು ಬೀಜದ ತಪ್ಪು ಅವತ್ತೇ ತೀರಿತು. ಹಾಯ್ಗುಳಿಗೂ ನನಗೂ ನಡುವೆ ಬೇರೇನೂ ಬಾಕಿ ಇಲ್ಲ. ಇದನ್ನು ನಾನು ಎದೆ ತಟ್ಟಿ ಹೇಳುತ್ತೇನೆ.

ಹೋದ ಮಾರ್ಚಿನಲ್ಲಿ ಕಾರ್ಖಾನೆಯಲ್ಲಿ ಒಂದು ಟಿನ್ ಕಾಣೆಯಾಯಿತು. ದೊಡ್ಡ ಬೀಜದ್ದು, ಹತ್ತು ಕೇಜಿ. ಪ್ಯಾಕಿಂಗ್ ಆಗಿ ಸೀಲ್ ಹೊಡೆದದ್ದು. ನೀವೇ ಹೇಳಿ, ಹತ್ತು ಕೇಜಿ ಟಿನ್ ನನ್ನ ರವಕೆಯಲ್ಲಿ ಅಡಗುತ್ತದಾ? ತುರುಬಿನಲ್ಲಿ ಅಡಗುತ್ತದಾ? ಟಿನ್ನು ಹೋಗುವುದು ವ್ಯಾನಿನಲ್ಲಿ. ವ್ಯಾನಿಗೆ ಹೇರುವವರು ಗಂಡಸರು. ಅವರಿಗೆ ತಪಾಸಣೆ ಇಲ್ಲ. ಕ್ಯಾಮರಾ ಇದೆ, ಆ ದಿನ ಹಾಳಾಗಿತ್ತಂತೆ. ವ್ಯಾನಿನ ಜವಾಬ್ದಾರಿ ಸೂಪರ್‌ವೈಸರ್ ರಾಜೀವನದ್ದು. ಹೆಂಗಸರು ಬಾಯಿಗೆ ಸೆರಗು ಹಿಡಿದು ಏನೇನೋ ಪಿಸುಗುಟ್ಟಿದರು. ನಾನು ಹೇಳುವುದಿಲ್ಲ. ಕಣ್ಣಲ್ಲಿ ಕಾಣದ್ದನ್ನು ನಾನು ಹೇಳುವವಳಲ್ಲ. ಅವರ ಹಾಗೆ ನಾನಲ್ಲ.

ಧಣಿಗಳು ಸಿಪ್ಪೆ ತೆಗೆಯುವ ನಲವತ್ತೆರಡು ಹೆಂಗಸರನ್ನು ಅಂಗಳದಲ್ಲಿ ನಿಲ್ಲಿಸಿದರು. ಅವರು ಕೂಗುವವರಲ್ಲ. ಮೆಲ್ಲಗೆ ಮಾತಾಡುತ್ತಾರೆ, ಶಾಲು ಸರಿ ಮಾಡಿಕೊಳ್ಳುತ್ತಾ.

"ಕಾಣಿ, ಪೊಲೀಸ್ ಗಿಲೀಸ್ ಬೇಡ. ನಿಮ್ ಮಾನ ಹೋಪುದ್ ನಂಗ್ ಇಷ್ಟ ಇಲ್ಲ. ಹಾಯ್ಗುಳಿ ಇತ್ತಲ್ಲ. ಶುಕ್ರವಾರ ಎಲ್ಲರೂ ಒಂದೊಂದ್ ರೂಪಾಯಿ ತಪ್ಪುಕಾಣಿಕೆ ಹಾಕಿ. ಮಾಡ್ದೋರಿಗೂ ಶಾಂತಿ, ಮಾಡ್ದೆ ಇದ್ದೋರಿಗೂ ಶಾಂತಿ."

ಎಲ್ಲರೂ ತಲೆಯಾಡಿಸಿದರು. ಧಣಿಗಳು ದೊಡ್ಡ ಮನುಷ್ಯರು ಅಂದರು. ವ್ಯಾನಿನ ಗಂಡಸರನ್ನು ಯಾಕೆ ನಿಲ್ಲಿಸಲಿಲ್ಲ ಅಂತ ಯಾರೂ ಕೇಳಲಿಲ್ಲ.

ಶುಕ್ರವಾರ ಬಂತು. ಧಣಿಗಳು ಗುಡಿಯ ಬಾಗಿಲಲ್ಲೇ ನಿಂತಿದ್ದರು. ಮೇಲಿನವರು ಒಳಗೆ ಹೋಗಿ ಹಾಕಿ ಬಂದರು. ನಮ್ಮ ಕೇರಿಯ ಆರು ಮಂದಿ ಕಿಂಡಿಯ ಎದುರು ಸಾಲು ನಿಂತೆವು. ಐದು ಮಂದಿ ಹಾಕಿದರು. ನನ್ನ ಸರದಿ ಬಂತು. ರೂಪಾಯಿ ಕೈಯಲ್ಲಿತ್ತು. ಸುಳ್ಳು ಹೇಳುವುದಿಲ್ಲ, ಹಾಕಬೇಕು ಅಂತಲೇ ತಂದದ್ದು. ಕೈ ಕಿಂಡಿಯವರೆಗೆ ಹೋಯಿತು. ಆಮೇಲೆ ಹೋಗಲಿಲ್ಲ. ಒಂದು ತುಂಡಿಗೆ ಹಾಕಿದ್ದು ನೆನಪಾಯಿತು. ಅವತ್ತು ತಪ್ಪು ಮಾಡಿದ್ದೆ, ಹಾಕಿದೆ. ಇವತ್ತು ಎಂತಕ್ಕೆ?

"ಧಣಿಗಳೇ, ತಪ್ಪುಕಾಣಿಕೆ ತಪ್ಪ್ ಮಾಡ್ದೋರ್ ಹಾಕೂದ್. ನಾನ್ ಎಂತಕ್ ಹಾಕ್ಕ್?"

"ಒಂದ್ ರೂಪಾಯಿ ಮಾರಾಯ್ತಿ. ಎಲ್ಲರೂ ಹಾಕಿರಲೆ."

"ರೂಪಾಯಿ ಮಾತಲ್ಲ. ಹಾಕ್ರೆ ನಾನ್ ಕದ್ದೆ ಅಂದ್ ದೈವದ ಎದ್ರ್ ಹೇಳ್ದಂಗ್ ಆತ್. ಬೇಕಾರೆ ಪ್ರಮಾಣ ಮಾಡ್ತೆ. ದೀಪ ಮುಟ್ಟಿ ಹೇಳ್ತೆ."

"ದೀಪ ಒಳ್ಗಿತ್ತ್," ಅಂದರು ಧಣಿಗಳು.

"ಒಳ್ಗ್ ಬತ್ತೆ."

ಧಣಿಗಳು ಶಾಲು ಸರಿ ಮಾಡಿಕೊಂಡರು. ರಾಜೀವ ಮುಂದೆ ಬಂದ.

"ಹ್ವಾಯ್ ಬಾಗಿ, ನಿಂತ ಜಾಗ ಕಂಡ್ಕಂಡ್ ಮಾತಾಡ್."

ನನಗೆ ಮೈಯೆಲ್ಲ ಉರಿಯಿತು. ನನ್ನ ರೂಪಾಯಿ ಒಳಗೆ ಹೋಗಬಹುದು. ನನ್ನ ಮಾತು ಹೋಗಬಾರದು. ನನ್ನ ತಪ್ಪು ಬೇಕು ಇವರಿಗೆ, ನನ್ನ ಸತ್ಯ ಮುಟ್ಟಿದರೆ ಮೈಲಿಗೆ. ಆ ಸಿಟ್ಟಿನಲ್ಲಿ ಗೋಡೆಯ ಹೊರಗೆ ನಿಂತೇ ಕೂಗಿದೆ. ಅದೇ ನಾನು ಮಾಡಿದ ತಪ್ಪು, ತಪ್ಪು ಅಂತ ಏನಾದರೂ ಇದ್ದರೆ.

"ಹಾಯ್ಗುಳೀ, ಕೇಂಡ್ಯಾ? ನಾನ್ ಆ ಟಿನ್ ಮುಟ್ಟಿದ್ರೆ ನಲ್ವತ್ತೆಂಟ್ ದಿನದೊಳ್ಗ್ ನನ್ ಮನಿ ಹಾಳಾಯ್ಲಿ!"

ನಮ್ಮ ಕಡೆ ಅವಧಿ ಇಟ್ಟು ಆಣೆ ಹಾಕಿದರೆ ಅದು ಆಟವಲ್ಲ. ಹೆಂಗಸರು ಹಿಂದೆ ಸರಿದರು. ಧಣಿಗಳು ಮಾತ್ರ ಸಣ್ಣಗೆ ನಕ್ಕರು.

"ಆಯ್ತಲೆ. ದೈವವೇ ಕಾಣ್ಲಿ. ಅಲ್ಲಿವರೆಗೆ ನೀನ್ ಮನಿಯಗೇ ಇರ್."

ಸುಗುಣ ಅಲ್ಲೇ ಇದ್ದಳು. ನನ್ನ ಮೈಯಿಂದ ಒಂದು ಚೂರೂ ಹೊರಗೆ ಹೋಗಿಲ್ಲ ಅಂತ ಈ ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವಳ ಎರಡು ಕೈಗೆ. ನಾನು ಅವಳ ಮುಖ ನೋಡಿದೆ. ಅವಳು ಗೋಡೆ ನೋಡಿದಳು.

ನೋಡಿ ಮಾರ್ರೆ, ಹ್ಯಾಂಗಾಯ್ತು. ತಪ್ಪುಕಾಣಿಕೆ ಹಾಕಿದ ನಲವತ್ತೊಂದು ಮಂದಿ ಒಳ್ಳೆಯವರು. ಹಾಕದ ಒಬ್ಬಳು ಕಳ್ಳಿ.

ಬೇರೆ ಕಾರ್ಖಾನೆಗೆ ಹೋದೆ. ಸಾಲಿಗ್ರಾಮದ ಹತ್ತಿರ ಒಂದು, ಬ್ರಹ್ಮಾವರದ ಕಡೆ ಎರಡು. ನನ್ನ ಕೈ ನೋಡಿದ ಕೂಡಲೇ ಕೆಲಸ ಗೊತ್ತಿರುವವಳು ಅಂತ ಖುಷಿಯಾಗುತ್ತಿತ್ತು ಅವರಿಗೆ. ಎಲ್ಲಿದ್ದೆ ಅಂತ ಕೇಳುತ್ತಿದ್ದರು. ಹೇಳುತ್ತಿದ್ದೆ. ಒಂದು ಫೋನು. ಆಮೇಲೆ ಜಾಗ ಇಲ್ಲ.

ಊರು ದಿನ ಎಣಿಸಲು ಶುರು ಮಾಡಿತು. ಅಂಗಡಿಗೆ ಹೋದರೆ, "ಎಂತ ಬಾಗಿ, ಎಲ್ಲ ಹುಷಾರಾ?" ಹಿಂದೆ ಯಾರೂ ನಮ್ಮ ಆರೋಗ್ಯ ಕೇಳಿದವರಲ್ಲ. ವಿಜೇತಾಳಿಗೆ ಎರಡು ದಿನ ಜ್ವರ ಬಂತು, ಮೂರನೇ ದಿನ ನಾಲ್ಕು ಮಂದಿ ಬಂದು ಬಾಗಿಲಲ್ಲಿ ಇಣುಕಿ ಹೋದರು. ಜ್ವರ ಬಿಟ್ಟಿತು. ಅವರ ಮುಖ ಬಾಡಿತು. ಕೋಳಿ ಸತ್ತರೂ ಸುದ್ದಿ. ಮಾಡಿನ ಹಂಚು ಒಡೆದರೂ ಸುದ್ದಿ. ಬಡವರ ಮನೆಯಲ್ಲಿ ನಲವತ್ತೆಂಟು ದಿನದಲ್ಲಿ ಏನೂ ಆಗದೆ ಇರುತ್ತದಾ? ನಮ್ಮ ಮನೆಯಲ್ಲಿ ಏನಾದರೂ ಆಗದ ತಿಂಗಳು ಯಾವುದು? ಅದನ್ನು ಯೋಚಿಸದೆ ಆಣೆ ಹಾಕಿದೆನಲ್ಲ, ನನ್ನ ಬಾಯಿಗೆ ಬೆಂಕಿ ಬೀಳ.

ಆದರೆ ಹೆದರಲಿಲ್ಲ. ಯಾಕೆ ಹೆದರಬೇಕು? ನಾನು ಮುಟ್ಟಿಲ್ಲ. ಹಾಯ್ಗುಳಿಗೆ ಗೊತ್ತು ನಾನು ಮುಟ್ಟಿಲ್ಲ ಅಂತ. ಸಂಜೆ ಜಗಲಿಯಲ್ಲಿ ಕೂತು ಇಷ್ಟೇ ಹೇಳಿಕೊಳ್ಳುತ್ತಿದ್ದೆ. ನಿದ್ದೆ ಬರುತ್ತಿತ್ತು.

ಮೂವತ್ತಮೂರನೇ ದಿನ ನನ್ನ ಗಂಡ ಚಂದ್ರ ಬಿದ್ದ. ಅವನದ್ದು ಅಳಿವೆಯ ಹತ್ತಿರ ರಿಪೇರಿಗೆ ಬಂದ ಬೋಟುಗಳನ್ನು ದಡಕ್ಕೆ ಎಳೆಯುವ ಕೆಲಸ. ಹಗ್ಗ ತುಂಡಾಯಿತು. ತುಂಡಾದ ಹಗ್ಗ ಕಾಲಿಗೆ ಹೊಡೆಯಿತು, ಮೊಣಕಾಲಿನ ಕೆಳಗೆ ಎರಡು ಕಡೆ ಎಲುಬು ಹೊರಗೆ ಬಂತು. ಆ ಹಗ್ಗ ಮೊದಲೇ ಎರಡು ಸಲ ತುಂಡಾಗಿ ಗಂಟು ಹಾಕಿದ್ದು. ಹೊಸದು ತರಿಸಿ ಅಂತ ಇವರೆಲ್ಲ ಕೇಳಿ ಎರಡು ತಿಂಗಳಾಗಿತ್ತು.

ನಾನು ಇದನ್ನು ಕಂಡ ಕಂಡವರಿಗೆ ಹೇಳಿದೆ. ಹಗ್ಗ ಹಳತು. ಹಗ್ಗ ಬದಲಿಸದೆ ಇದ್ದದ್ದು ದೈವವಲ್ಲ, ಬೋಟಿನ ಯಜಮಾನ. ಯಾರಿಗೂ ಹಗ್ಗ ಬೇಡ. ಎಲ್ಲರಿಗೂ ಮೂವತ್ತಮೂರು ಬೇಕು.

"ಹಾಯ್ಗುಳಿ ತೋರ್ಸಿತ್ ಕಾಣ್," ಅಂದರು. ಆಸ್ಪತ್ರೆಯ ಬಾಗಿಲಲ್ಲೇ ಅಂದರು, ನನಗೆ ಕೇಳುವ ಹಾಗೆ.

ಕುಂದಾಪುರದ ಆಸ್ಪತ್ರೆ. ಮೂರನೇ ದಿನ ಡಾಕ್ಟರು ಕಾಲು ಕಪ್ಪಾಗುತ್ತಿದೆ, ಕಡಿಯಬೇಕಾಗಬಹುದು ಎಂದರು. ಮಾತು ಮುಗಿಸಿ ಹೋದರು. ನಾನು ಮತ್ತು ವಿಜೇತಾ ವರಾಂಡದ ಬೆಂಚಿನಲ್ಲಿ ಕೂತಿದ್ದೆವು. ಹದಿನೇಳು ವರ್ಷದ ಹುಡುಗಿ. ಓದುವುದರಲ್ಲಿ ಚುರುಕು. ನನ್ನ ಈ ಕೈಯ ದುಡಿಮೆಯಲ್ಲಿ ಬೆಳೆದವಳು. ಅವಳು ನನ್ನ ಮುಖ ನೋಡದೆ ಕೇಳಿದಳು.

"ಅಮ್ಮ, ನಿಜ ಹೇಳ್. ನೀನ್ ತಕಂಡಿದ್ಯಾ?"

ಹೊಡೆದೆ. ಹುಟ್ಟಿದಂದಿನಿಂದ ಅವಳ ಮೈಮೇಲೆ ಕೈ ಮಾಡಿದವಳಲ್ಲ. ಕೆನ್ನೆಗೆ ಫಟಾರ್ ಅಂತ ಬಿತ್ತು. ನರ್ಸು ತಿರುಗಿ ನೋಡಿದಳು. ವಿಜೇತಾ ಅಳಲಿಲ್ಲ. ಎದ್ದು ಹೋದಳು. ಬಾಯಲ್ಲಿ ಇಲ್ಲ ಅಂದಿದ್ದರೆ ಸಾಕಿತ್ತು. ಅದೊಂದು ಮಾತು ಹೇಳಲಿಲ್ಲ ನಾನು. ಧಣಿಗಳಿಗೆ ಹೇಳಿದೆ, ದೈವಕ್ಕೆ ಹೇಳಿದೆ, ಊರಿಗೆಲ್ಲ ಹೇಳಿದೆ. ಹೆತ್ತ ಮಗಳಿಗೆ ಹೇಳದೆ ಹೊಡೆದೆ.

ಕಾಲು ಕಡಿಯಲಿಲ್ಲ. ಔಷಧಿ ಬದಲಿಸಿದರು, ಎರಡು ಸಲ ಕೊಯ್ದು ಕೀವು ತೆಗೆದರು. ಉಳಿಯಿತು. ನೆಟ್ಟಗಾಗುವುದಿಲ್ಲ, ಭಾರ ಹೊರುವ ಹಾಗಿಲ್ಲ. ಆದರೂ ಉಳಿಯಿತಲ್ಲ ಅಂತ ಡಾಕ್ಟರ ಕಾಲಿಗೆ ಬಿದ್ದೆ.

ಮನೆಗೆ ಕರೆತಂದ ಮರುದಿನ ಬೆಳಿಗ್ಗೆ ಸುಗುಣ ಬಂದಳು. ಅಂಗಳದಲ್ಲೇ ನಿಂತಳು.

"ಬಾಗಿ, ಧಣಿಗಳ್ ಹೇಳಿ ಕಳ್ಸೀರ್. ಎಲ್ಲ ಮುಗೀತಂಬ್ರು. ಸೋಮವಾರದಿಂದ ಕೆಲ್ಸಕ್ಕೆ ಬಾ ಅಂದ್ರು."

"ಎಂತ ಮುಗ್ದದ್?"

"ಕಾಣಿಕೆ ಹಾಕಿದ್ಯಲೆ. ಅದ್ಕೇ ಕಾಲ್ ಉಳೀತ್ ಅಂತಿದ್ರ್ ಎಲ್ಲ. ಒಪ್ಕಂಡದ್ ಒಳ್ಳೇದಾಯ್ತ್ ಮಾರಾಯ್ತಿ."

"ಯಾರ್ ಹಾಕದ್? ನಾನ್ ಹಾಕಿಲ್ಲೆ!"

ಒಳಗಿನಿಂದ ವಿಜೇತಾ ಬಂದಳು. ಬಾಗಿಲ ದಾರಂದ ಹಿಡಿದು ನಿಂತಳು.

"ನಾನ್ ಹಾಕದ್ ಅಮ್ಮ. ನಿನ್ ಹೆಸ್ರ್ ಹೇಳಿ ಹಾಕ್ದೆ. ಅಪ್ಪಯ್ಯನ ಕಾಲ್ ಕಡೀತ್ರ್ ಅಂದ್ರಲೆ. ನಾನ್ ಎಂತ ಮಾಡ್ಕಿತ್ತ್? ಒಂದ್ ರೂಪಾಯಿ ಅಲ್ದಾ?"

ಧಣಿಗಳೂ ಅದನ್ನೇ ಹೇಳಿದ್ದರು. ಒಂದು ರೂಪಾಯಿ ಅಲ್ಲವಾ ಅಂತ.

ಅಪ್ಪನ ಕಾಲಿಗಾಗಿ ಓಡಿದ ಮಕ್ಕಳನ್ನು ಹೇಗೆ ಬೈಯುವುದು? ಅಂಗಳದಲ್ಲೇ ಕೂತುಬಿಟ್ಟೆ. ಹಗ್ಗ ತುಂಡಾದದ್ದೂ ನಾನು ಕದ್ದದ್ದಕ್ಕೆ. ಕಾಲು ಉಳಿದದ್ದೂ ನಾನು ಒಪ್ಪಿಕೊಂಡದ್ದಕ್ಕೆ. ಕೆಟ್ಟದ್ದಾದರೂ ಕಳ್ಳಿ, ಒಳ್ಳೆಯದಾದರೂ ಕಳ್ಳಿ. ಯಾವ ಬಾಗಿಲಿಂದ ಹೊರಗೆ ಬರಬೇಕು ನಾನು?

ಸುಗುಣ ಹೋಗುವ ಮೊದಲು ಅವಳ ಕೈ ಹಿಡಿದೆ. "ಸುಗುಣ, ನಿಂಗ್ ಗೊತ್ತಿತ್ತಲೆ. ನೀನ್ ಮುಟ್ಟಿ ಕಂಡಿದ್ಯಲೆ ದಿನಾ. ಒಂದ್ ಮಾತ್ ಹೇಳ್."

"ಹೇಳ್ರೆ ನನ್ ಕೆಲ್ಸ ಹೋತ್ ಬಾಗಿ," ಅಂದಳು. ಕೈ ಬಿಡಿಸಿಕೊಂಡಳು.

ಚಂದ್ರ ಮಂಚದಲ್ಲಿ ಮಲಗಿಯೇ ಎಲ್ಲ ಕೇಳಿಸಿಕೊಂಡಿದ್ದ. "ನೀ ತಕಂಡಿಲ್ಲ ಅಂದ್ ನಂಗೊತ್ತಿತ್ತ್. ಗೊತ್ತಿದ್ದ್ ಎಂತ ಆಯ್ಕ್? ಅನ್ನ ಬೆಯ್ತಾ? ನಾನಂತೂ ಬಿದ್ಕಂಡಿದ್ದೆ. ಸುಮ್ನೆ ಹೋಗ್ ಕೆಲ್ಸಕ್ಕೆ."

ನಲವತ್ತೈದನೇ ದಿನ, ಸೋಮವಾರ, ಹೋದೆ. ಬುತ್ತಿ ಕಟ್ಟಿಕೊಂಡೇ ಹೋದೆ. ಹೊಟ್ಟೆ ಇದೆಯಲ್ಲ ಮಾರ್ರೆ, ಅದು ಬುತ್ತಿ ಕಟ್ಟಿಸುತ್ತದೆ. ಧಣಿಗಳು ಗುಡಿಯಲ್ಲಿ ಪೂಜೆ ಮುಗಿಸಿ ಹೊರಗೆ ಬರುತ್ತಿದ್ದರು. ಹಣೆಯಲ್ಲಿ ಗಂಧ. ನನ್ನನ್ನು ನೋಡಿ ಮುಖ ಅರಳಿಸಿದರು.

"ಬಂದ್ಯಾ? ಒಳ್ಳೇದಾಯ್ತ್. ತಪ್ಪ್ ಮನ್ಷ ಮಾತ್ರದೋರ್ ಮಾಡುದೇ. ದೈವವೇ ಕ್ಷಮಿಸಿದ್ ಮೇಲೆ ನಾನ್ ಯಾರ್? ಹೋಗ್, ಕೆಲ್ಸ ಮಾಡ್."

ಹೆಂಗಸರೆಲ್ಲ ನೋಡುತ್ತಿದ್ದರು. ನಾಲ್ಕು ಹೆಜ್ಜೆ ಗೇಟಿನ ಕಡೆ ಹಾಕಿದೆ. ಅಷ್ಟೇ. ನಾಲ್ಕು ಹೆಜ್ಜೆ. ಐದನೆಯದು ಬರಲಿಲ್ಲ.

"ಧಣಿಗಳೇ, ನಂಗ್ ಕ್ಷಮೆ ಬೇಡ. ಆ ರೂಪಾಯಿ ವಾಪಸ್ ಕೊಡಿ."

"ಎಂತ?"

"ನನ್ ಹೆಸ್ರಗೆ ಬಿದ್ದ ರೂಪಾಯಿ. ಮಗು ಹೆದ್ರಿ ಹಾಕದ್. ನಾನ್ ಹಾಕದ್ದಲ್ಲ. ಪೆಟ್ಗಿ ತೆಗ್ದ್ ವಾಪಸ್ ಕೊಡಿ. ಆಮೇಲೆ ಕೆಲ್ಸಕ್ಕೆ ಬತ್ತೆ."

"ದೈವಕ್ಕೆ ಬಿದ್ದದ್ ದೈವದ್ದ್. ತೆಗುಕಾತಿಲ್ಲ."

"ಕೀಲಿಕೈ ನಿಮ್ ಹತ್ರ ಇತ್ತಲೆ."

ಇತ್ತು. ಗುಡಿಯ ಮೊಕ್ತೇಸರರೂ ಅವರೇ. ಕೀಲಿಕೈ ಗೊಂಚಲು ಅವರ ಸೊಂಟದಲ್ಲೇ ನೇತಾಡುತ್ತಿತ್ತು. ಕಾರ್ಖಾನೆಯದ್ದೂ ಹಾಯ್ಗುಳಿಯದ್ದೂ ಒಂದೇ ಗೊಂಚಲು. ನಾನು ಅದನ್ನೇ ನೋಡಿದೆ. ಅವರು ಶಾಲು ಎಳೆದು ಮುಚ್ಚಿಕೊಂಡರು.

"ರಾಜೀವ," ಅಂದರು ಮೆಲ್ಲಗೆ, "ಇದಕ್ಕೆ ತಲಿ ಸಮ ಇಲ್ಲ. ಹೊರ್ಗ್ ಬಿಡ್."

ರಾಜೀವ ನನ್ನನ್ನು ಮುಟ್ಟಲಿಲ್ಲ. ಮುಟ್ಟದೆಯೇ ರಸ್ತೆಯವರೆಗೆ ತಳ್ಳಿದ. ಬುತ್ತಿಯನ್ನು ದಾರಿಯ ಮೋರಿಯ ಮೇಲೆ ಕೂತು ಉಂಡೆ. ಅಳುತ್ತಾ ಉಂಡೆ. ಹಸಿವಾಗಿತ್ತು.

ಈಗ ಮೀನು ಒಣಗಿಸುವ ಕಡೆ ಕರೆದ ದಿನ ಹೋಗುತ್ತೇನೆ. ವಾರಕ್ಕೆ ಎರಡು ದಿನ, ಕೆಲವೊಮ್ಮೆ ಮೂರು. ಉಪ್ಪು ತಾಗಿದರೆ ಕೈಯ ಬಿರುಕು ಉರಿಯುತ್ತದೆ. ಚಂದ್ರ ಮಾತು ಕಡಿಮೆ ಮಾಡಿದ್ದಾನೆ. ವಿಜೇತಾ ಕಾಲೇಜು ಬಿಟ್ಟು ಬಟ್ಟೆ ಅಂಗಡಿಗೆ ಸೇರುತ್ತೇನೆ ಅನ್ನುತ್ತಾಳೆ. ಅವಳು ಈಗ ನನ್ನನ್ನು ನಂಬುತ್ತಾಳಾ ಇಲ್ಲವಾ, ಕೇಳಿಲ್ಲ. ಕೇಳಲು ಹೆದರಿಕೆ. ದೈವಕ್ಕೆ ಹೆದರದವಳು ಆ ಒಂದು ಮಾತಿಗೆ ಹೆದರುತ್ತೇನೆ.

ನಲವತ್ತೊಂಬತ್ತನೇ ದಿನ ಬೆಳಿಗ್ಗೆ ಎದ್ದು ಅಂಗಳಕ್ಕಿಳಿದು ತಿರುಗಿ ನೋಡಿದೆ. ಮನೆ ನಿಂತಿತ್ತು. ನಾನೂ ಸೇರಿ ಮೂರು ಜೀವ ಇತ್ತು. ಅಷ್ಟು ದಿನ ಎಣಿಸಿದವರಲ್ಲಿ ಒಬ್ಬರೂ ಅವತ್ತು ಬರಲಿಲ್ಲ.

ಎಲ್ಲರೂ ಕಾರ್ಖಾನೆಯ ಒಳಗೆ ಕೆಲಸದಲ್ಲಿದ್ದ ಹೊತ್ತು ನೋಡಿ ಗುಡಿಗೆ ಹೋದೆ. ಗೋಡೆಯ ಹೊರಗೆ, ನನ್ನ ಜಾಗದಲ್ಲಿ ನಿಂತೆ. ಕಿಂಡಿಗೆ ಬೆರಳು ಹಾಕಿದೆ. ಎರಡು ಗೆಣ್ಣು ಹೋಯಿತು, ಮುಂದೆ ಹೋಗಲಿಲ್ಲ. ಒಳಗೆಲ್ಲೋ ನನ್ನ ಹೆಸರು ಹೇಳಿಕೊಂಡು ಒಂದು ರೂಪಾಯಿ ಸುಳ್ಳು ಹೇಳುತ್ತಾ ಕೂತಿದೆ. ಅದನ್ನು ಹೊರಗೆ ತರುವ ದಾರಿ ನನಗಿಲ್ಲ. ಆಮೇಲೆ ಬಗ್ಗಿದೆ. ಕಿಂಡಿಗೆ ಬಾಯಿಟ್ಟೆ. ಕಲ್ಲು ತಣ್ಣಗಿತ್ತು, ಹಳೇ ಎಣ್ಣೆಯ ವಾಸನೆ.

"ಹಾಯ್ಗುಳಿ, ನಾನ್ ಬಾಗಿ. ಆ ರೂಪಾಯಿ ನಂದಲ್ಲ. ನಾನ್ ಕದ್ದಿಲ್ಲೆ."

ದಿನಾ ಹೋದೆ. ದಿನಾ ಅಷ್ಟೇ ಮಾತು ಹೇಳಿದೆ. ಎಂಟನೇ ದಿನ ಹೋಗುವಾಗ ಕಿಂಡಿಗೆ ಒಳಗಿನಿಂದ ತಗಡು ಹೊಡೆದಿದ್ದರು. ಬಾಗಿ ಶಾಪ ಹಾಕುತ್ತಾಳೆ ಅಂತ ರಾಜೀವ ದೂರು ಹೇಳಿದ್ದನಂತೆ. ತಗಡಿನ ನಡುವೆ ಒಂದು ಸೀಳು ಬಿಟ್ಟಿದ್ದರು. ರೂಪಾಯಿ ಹೋಗುವಷ್ಟು.

ತಗಡಿಗೆ ತುಟಿ ಒತ್ತಿದೆ. ಅಂಚು ಹರಿತ ಇತ್ತು, ರಕ್ತ ಬಂತು. ಹೇಳುವುದನ್ನು ಹೇಳಿಯೇ ಬಂದೆ.